ಎಡಗಡೆಯ ಪೆಟ್ಟಿಗೆ

ಐದು ಸಾಲದೆಂದು ಇನ್ನೆರಡು ತಂದಿದ್ದಾನೆ ಇಲ್ಗೋನಿಸ್.
ಅಂಗಡಿಯವಲ್ಲ. ತೀರಿಹೋದ ಅತ್ತೆಯ ಷೆಡ್ಡಿನಲ್ಲಿ
ಆಲೂಗಡ್ಡೆ ಚೀಲಗಳ ಹಿಂದೆ ಕೂತಿದ್ದವು,
ರೀಗಾದಲ್ಲಿ ಮಾಡಿದ ಮರದ ಪೆಟ್ಟಿಗೆಗಳು,
ಮೂತಿಗೆ ಕಂದು ಬಟ್ಟೆ ಕಟ್ಟಿಕೊಂಡು.
ಒಂದರೊಳಗೆ ಇಲಿ ಸಂಸಾರ ಹೂಡಿತ್ತು.
ಗುಡಿಸಿದ. ಹರಿದ ಕಾಗದದ ಶಂಕುವಿಗೆ
ನನ್ನ ಹೊಲಿಗೆ ಡಬ್ಬಿಯ ಅಂಟು ಬಳಿದ, ಕೇಳದೆ.

"ಬೆನ್ನ ಹಿಂದಿನಿಂದಲೂ ಕೇಳಬೇಕು ವೆಲ್ತಾ," ಅಂದ,
"ಕಡಲಹಕ್ಕಿ ಎಡದಿಂದ ಬಂದು
ನೆತ್ತಿ ಬಳಸಿ ಬಲಕ್ಕೆ ಹೋಗಬೇಕು."
ಲಿಯೆಪಾಯದಲ್ಲಿ ಕಿಟಕಿ ತೆರೆದರೆ ಸಾಕು,
ಕಡಲಹಕ್ಕಿ ಪುಕ್ಕಟೆ. ಹೇಳಲಿಲ್ಲ ನಾನು.

ನನಗೆ ಎಡಗಿವಿ ಇಲ್ಲ.
ಇದೆ, ಓಲೆ ಹಾಕುವಷ್ಟು ಇದೆ.
ಒಳಗಿನದನ್ನು ತಂತಿ ಕಾರ್ಖಾನೆ ಇಟ್ಟುಕೊಂಡಿತು,
ಇಪ್ಪತ್ತೆಂಟು ವರ್ಷದ ಬಾಡಿಗೆಗೆ.
ಬೆರಳು ದಪ್ಪದ ಸರಳು ಅಚ್ಚಿನ ತೂತಿಗೆ ನುಗ್ಗಿ
ಎಳೆಯಾಗಿ ಹೊರಬರುವಾಗ ಅರಚುತ್ತದೆ;
ಹೆರಿಗೆ ವಾರ್ಡಿನಲ್ಲೂ ಅಂಥ ಅರಚಾಟ ಕೇಳಿಲ್ಲ.
ಯಂತ್ರ ನನ್ನ ಎಡಕ್ಕಿತ್ತು. ಅಷ್ಟೇ ಕತೆ.

ಅಂದಿನಿಂದ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ
ಸುಖ ನನಗಿಲ್ಲ. ಒಂದೇ ಬಾಗಿಲ ಮನೆ ನನ್ನದು,
ಒಳಗೆ ಬಂದ ಮಾತು ಅಲ್ಲೇ ಬೀಡುಬಿಡುತ್ತದೆ.
ಅವನಿಗೂ ಗೊತ್ತು. ಮಂಚದಲ್ಲಿ, ಟ್ರಾಮಿನಲ್ಲಿ
ನನ್ನ ಬಲಕ್ಕೇ ಇರುತ್ತಾನೆ;
ಜಗಳವಾದಾಗ ಮಾತ್ರ ಎಡಕ್ಕೆ ಬಂದು ಗೊಣಗುತ್ತಾನೆ.

ತಂತಿ ತಂದ. ಬೆರಳಲ್ಲಿ ಹೊಸೆದು ನೋಡಿದೆ.
ತುದಿಯನ್ನು ಉಗುರಿನಿಂದ ಕೆರೆದೆ, ಒಳಗೆ ಬೆಳ್ಳಗಿತ್ತು.
"ತಾಮ್ರವಲ್ಲ ಇದು,
ತಾಮ್ರದ ಬಣ್ಣ ಹಚ್ಚಿಕೊಂಡ ಅಲ್ಯೂಮಿನಿಯಂ.
ಹನ್ನೊಂದು ಮೀಟರು ಓಡುವಷ್ಟರಲ್ಲಿ ಏದುಸಿರು ಬಿಡುತ್ತದೆ."
ಲೇಬಲ್ಲು ತೋರಿಸಿದ.
ನಾನು ಬೆರಳು ತೋರಿಸಿದೆ.
ಟೋಪಿ ಹಾಕಿಕೊಂಡು ಅಂಗಡಿಗೆ ವಾಪಸು ಹೋದ.

ಗೋಡೆಯಂಚಿಗೆ ತಂತಿ ಹಾಸಿದ್ದು ನಾನೇ,
ಮೊಣಕಾಲೂರಿ, ಹೀಟರಿನ ಹಿಂದೆ, ಹೊಸ್ತಿಲ ಪಕ್ಕದಲ್ಲಿ.
ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ.
ಒಂದು ಕಡೆ ಅವನು ಅದಲುಬದಲು ಮಾಡಿದ,
ಸದ್ದೆಲ್ಲ ಟೊಳ್ಳಾಯಿತು, ಬಾವಿಯೊಳಗಿಂದ ಯಾರೋ
ಲೆಕ್ಕ ಒಪ್ಪಿಸಿದ ಹಾಗೆ.

ಆಮೇಲೆ ಅಳತೆ.
ಪುಟ್ಟ ಮೈಕೊಂದನ್ನು ನಾನು ಕೂರುವ ಜಾಗದಲ್ಲಿ,
ನನ್ನ ಕಿವಿಯ ಎತ್ತರಕ್ಕೆ ನಿಲ್ಲಿಸಬೇಕಂತೆ.
ಟೇಪು ಹಿಡಿದು ಎಡಕ್ಕೆ ಬಂದವನು
ಏನೋ ನೆನಪಾಗಿ, ಸುತ್ತು ಹಾಕಿ, ಬಲಗಿವಿ ಅಳೆದ.
ಯಂತ್ರ ಮೌನ ಕೇಳಿತು. ಫ್ರಿಜ್ಜು ಆರಿಸಿದೆವು,
ಗಡಿಯಾರವನ್ನು ಬಚ್ಚಲಲ್ಲಿಟ್ಟೆವು.
ಮೇಲಿನ ಮನೆಯ ಜಿನೈದಾ ಮಾತ್ರ ಚಪ್ಪಲಿ ಎಳೆದಳು,
ಆ ಪೆಟ್ಟಿಗೆಯನ್ನು ನಾವು ಕೊಂಡಿರಲಿಲ್ಲ.

ಷ್ಷ್... ಅಂದವು ಒಂದೊಂದಾಗಿ, ಕೋಣೆ ಸುತ್ತಿ,
ಕೂಸು ಮಲಗಿಸುವವರ ಹಾಗೆ.
ಐದು ಕೇಳಿದೆ. ಆರನೆಯದೂ ಕೇಳಿದೆ.
ಏಳನೆಯದು, ಹಿಂದೆ ಎಡಕ್ಕಿದ್ದದ್ದು,
ನನಗೆ ಬಲಗೋಡೆಯಿಂದ ಬಂತು,
ದಾರಿ ಕೇಳಿಕೊಂಡು ಬಂದ ನೆಂಟನಂತೆ, ಸೊರಗಿ.

ಎಲ್ಲ ಸರಿಯಿದೆ ಎಂದಿತು ಮೈಕು.
ಇಲ್ಗೋನಿಸ್ ನನ್ನ ಮುಖ ನೋಡಿದ,
ಹೋಗಿ ಎಡದ ಪೆಟ್ಟಿಗೆಯನ್ನು ಎತ್ತಿಕೊಂಡ,
ಎಲ್ಲಿಡಲಿ ಎಂದು ತಿಳಿಯದೆ ನಡುಮನೆಯಲ್ಲಿ ನಿಂತ.
"ಅಲ್ಲೇ ಇಡು," ಅಂದೆ. "ಭಾರ. ನಿನ್ನ ಸೊಂಟ."

ರಾತ್ರಿ ಯಾವುದೋ ಹಡಗಿನ ಚಿತ್ರ ಹಾಕಿದ.
ಬಲಕ್ಕೆ ಕೂತವನು ಬೆನ್ನ ಹಿಂದೆ ತೋಳು ಚಾಚಿ
ಆ ಪೆಟ್ಟಿಗೆ ಉಲಿದಾಗಲೆಲ್ಲ
ನನ್ನ ಎಡಭುಜಕ್ಕೆ ಬೆರಳಿಂದ ತಟ್ಟಿದ.
ಅಲೆಗೆ ಒಂದು. ಬಾಗಿಲಿಗೆ ಒಂದು.
ಗುಂಡಿನ ಚಕಮಕಿಗೆ ಲೆಕ್ಕ ತಪ್ಪಿತು.

ಅರ್ಧದಲ್ಲೇ ನಿದ್ದೆ ಹೋದ, ಕೈ ಅಲ್ಲೇ ಇತ್ತು.
ತೆರೆಯ ಮೇಲೆ ಹಕ್ಕಿಯೊಂದು ಅಂಚು ದಾಟಿತು.
ಎತ್ತ ಹೋಯಿತೋ.
ಎಬ್ಬಿಸಿ ಕೇಳಲಿಲ್ಲ.