ಏಳನೇ ಹಲಗೆ

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಗಜಾನನ ಮಹಾಲೆಯವರ ಕೈಲಿ.
ಕುಮಟೆಯ ಹಳೇ ಪೇಟೆ, ಬೆಳಗಿನ ಏಳೂವರೆ.
ಬಂಗಡೆ ಬುಟ್ಟಿ ಸೋರಿದ ನೀರು ಇನ್ನೂ ಆರಿಲ್ಲ.

"ಅಳತೆ ಎಂತಕ್ಕೆ? ಕೆಡವೂಕೊ, ಉಳಿಸೂಕೊ?"

ನನಗೂ ಸರಿಯಾಗಿ ಗೊತ್ತಿಲ್ಲ.
ನನ್ನ ಬಳಿ ಇರುವುದು ಒಂದು ಫಾರಂ.
ಗೋಡೆ: ಚಿರೆಕಲ್ಲು.
ಗಾರೆ: ಅಘನಾಶಿನಿಯ ಬಳಚು ಸುಟ್ಟ ಸುಣ್ಣ,
ಉಗುರಿಗೆ ಇವತ್ತಿಗೂ ಜಗ್ಗುವುದಿಲ್ಲ.
ಮಹಡಿ: ಹತ್ತಿ ಅಂಡಿಗೆ ಎತ್ತುತ್ತಿದ್ದ ಕೊಕ್ಕೆ,
ಈಗ ಅದಕ್ಕೆ ಕೇಬಲ್ ಟೀವಿಯ ತಂತಿ.

ಬಾಗಿಲಿಲ್ಲ ಈ ಅಂಗಡಿಗೆ. ಹಲಗೆಗಳಿವೆ, ಹನ್ನೊಂದು,
ನೆತ್ತಿಯ ಮೇಲೆ ಉಳಿಯಲ್ಲಿ ಕೊರೆದ ಅಂಕಿ.
ರಾತ್ರಿ ಕಡೆಗೆ ಬಂದದ್ದು ಬೆಳಿಗ್ಗೆ ಮೊದಲು ಹೋಗಬೇಕು,
ಹೊಸ್ತಿಲ ಜಾಡು ಇರುವುದೇ ಹಾಗೆ.

ಏಳನೆಯದು ಮಾತ್ರ ಬೇರೆ.
ಉಳಿದವು ತೇಗ; ಇದು ಯಾವುದೋ ಮಚವೆಯ ಪಕ್ಕೆ,
ಮೊಳೆ ಕಿತ್ತ ತೂತುಗಳ ಸಾಲು, ಒಳಗೆ ಡಾಂಬರು.
ಅಜ್ಜ ಬೊಮ್ಮ ಹರಿಕಂತ್ರನಿಗೆ ಕೊಟ್ಟ ಅಕ್ಕಿಯ ಸಾಲ
ಹಣವಾಗಿ ಬರಲಿಲ್ಲವಂತೆ,
ಹಲಗೆಯಾಗಿ ಬಂತು.
ಮಳೆಗಾಲದಲ್ಲಿ ಉಬ್ಬುತ್ತದೆ. ಎರಡು ತಿಂಗಳು
ಪಕ್ಕದ ಸಲೂನಿನ ಮಾಸ್ತಿ ಬಂದು ಭುಜ ಕೊಡಬೇಕು.

ಫಾರಮ್ಮಿನಲ್ಲಿ ಎರಡೇ ಚೌಕ:
ಮೂಲದ್ದು. ಬದಲಾದದ್ದು.
ಪೆನ್ನು ಅಲ್ಲೇ ನಿಂತಿತು.

ಎದುರಿನ ಜವಳಿ ಅಂಗಡಿಯನ್ನು ಹೋದ ವರ್ಷ ಉಳಿಸಿದರು:
ಮುಖ ಇಟ್ಟುಕೊಂಡು ಬೆನ್ನು ಕೆಡವಿದರು.
ಹಲಗೆಗಳಿಗೆ ವಾರ್ನಿಷು, ಹಿಂದೆ ಕಾಂಕ್ರೀಟು,
ಅಲುಗದ ಹಾಗೆ ಸ್ಕ್ರೂ.
ಸಂಜೆ ದೀಪ ಹಾಕುತ್ತಾರೆ, ಜನ ಫೋಟೊ ತೆಗೆಯುತ್ತಾರೆ,
ಒಳಹೋಗುವುದು ಪಕ್ಕದ ಗಾಜಿನ ಬಾಗಿಲಿಂದ.

"ಚಂದ ಅದೆ," ಅಂದರು ಮಹಾಲೆ, ಆ ಕಡೆ ನೋಡದೆ.
"ಹಲ್ಲಿನ ಸೆಟ್ಟೂ ಚಂದ ಇರ್ತದೆ, ಲೋಟದಲ್ಲಿ."

ಟೇಪು ಬಿಟ್ಟು ಹಲಗೆಗೆ ಕೈ ಹಾಕಿದರು.
ಹನ್ನೊಂದು, ಹತ್ತು, ಒಂಬತ್ತು, ಎಂಟು,
ಅಂಕಿ ನೋಡಲಿಲ್ಲ.
ಏಳಕ್ಕೆ ಮಾತ್ರ ಅಂಗೈಯಲ್ಲಿ ಒಮ್ಮೆ ತಟ್ಟಿದರು,
ಹಟಮಾರಿ ಎಮ್ಮೆಯ ಬೆನ್ನು ತಟ್ಟುವ ಹಾಗೆ.
ಕುಂಯ್ ಎಂದಿತು, ಬಂತು.
ಅದರ ಹಿಂದೆಯೇ ಬೆಲ್ಲ, ಸೆಣಬು, ಕೊಬ್ಬರಿಯ ಕತ್ತಲೆ.
ಇನ್ನೂ ಆರು ಹಲಗೆ ಇರುವಾಗಲೇ
ಶಾಲೆಯಂಗಿಯ ಹುಡುಗಿಯೊಬ್ಬಳು
ಸಂದಿಯೊಳಗೆ ಕೈ ಚಾಚಿ ಪೆನ್ಸಿಲ್ ಕೇಳಿದಳು.

ಚೌಕಗಳನ್ನು ಖಾಲಿ ಬಿಟ್ಟೆ.
ಷರಾ ಎಂಬಲ್ಲಿ ಬರೆದೆ:
ತೆರೆಯುತ್ತದೆ.
ಮಳೆಗಾಲದಲ್ಲಿ ಇಬ್ಬರು ಬೇಕು.