ಸಾಲು ಮುಗಿದಾಗ ಬಡಿಯುವ ಗಂಟೆ

ಗೋಡೆಯ ಆಚೆ ಸ್ಟುಡಿಯೋ, ಈಚೆ ನಾನು.
ಗೋಡೆಯೆಂದರೆ ಒಂದು ಪದರ ಪ್ಲೈವುಡ್,
ಆಚೆ ಬದಿಗೆ ಅಂಟಿಸಿದ ಮೊಟ್ಟೆಯ ಟ್ರೇಗಳು.
ಹ್ಯೂಸ್ಟನ್, ಲಯನ್ಸ್ ಅವೆನ್ಯೂ, ಕ್ಷೌರದಂಗಡಿಯ ಮಾಳಿಗೆ.
ಆಗಸ್ಟಿನ ಸೆಖೆಗೆ ಪಿಯಾನೋದ ಬಿಳಿ ಮನೆಗಳು ಉಬ್ಬಿ
ಒಂದನ್ನೊತ್ತಿದರೆ ಎರಡು ಇಳಿಯುತ್ತಿದ್ದವು.
ಅಲ್ಸೀಡ್ ಪ್ರುಡೋಮ್ ಅದಕ್ಕೇ ಹೊಂದಿಸಿ ಹಾಡು ಕಟ್ಟುತ್ತಿದ್ದ.
"ಅಂಟಿಕೊಂಡದ್ದು ಅಂಟಿಕೊಂಡೇ ಇರಲಿ, ಯುಲಾ.
ಬಿಡಿಸಿದರೆ ಎರಡೂ ಹಾಳು."

ಒಪೆಲೂಸಾದಿಂದ ಅಜ್ಜನ ಅಕಾರ್ಡಿಯನ್ ಹೊತ್ತು ಬಂದವನು.
ಅಜ್ಜ ತೀರಿದ ವಾರ ಅದನ್ನು ಒತ್ತೆಯಿಟ್ಟ,
ಬಂದ ದುಡ್ಡಿಗೆ ಹನ್ನೊಂದು ಪಿಯಾನೋ ಪಾಠ.
ಹನ್ನೆರಡನೆಯದಕ್ಕೆ ಸಾಲಲಿಲ್ಲ.
"ಮುಖ್ಯವಾದದ್ದೆಲ್ಲ ಅದರಲ್ಲೇ ಇತ್ತೇನೋ" ಎಂದು ನಗುತ್ತಿದ್ದ.
ಹಗಲು ಹಡಗುಕಟ್ಟೆಯಲ್ಲಿ ಹತ್ತಿಯ ಪಿಂಡಿ,
ರಾತ್ರಿ ಹಾಡು, ಲಾಂಡ್ರಿ ಚೀಟಿಯ ಬೆನ್ನಿಗೆ.
ಅವನ ಪದಗಳಲ್ಲಿ ಅಷ್ಟೊಂದು ಅಂಗಿಗಳು
ಎಲ್ಲಿಂದ ಬಂದವೆಂದು ಈಗ ಯಾರೋ ಬರೆದು ಕೇಳುತ್ತಾರೆ.

ಅರವತ್ತೆರಡನೆಯ ಇಸವಿ. ವರ್ಲೀನ್ ಟಿಬ್ಸ್ ಹಾಡುತ್ತಿದ್ದಳು,
ಹದಿನಾರನೆಯ ಸಲ.
ಡ್ರಮ್ಮಿನ ಹಿಂದೆ ಹೊಜಿಯಾ, ಕೆಮ್ಮು ನುಂಗಿಕೊಂಡು.
ನನ್ನ ಮುಂದೆ ಹಕ್ಕುಪತ್ರ, ಮೂರು ಕಾರ್ಬನ್ ಪ್ರತಿ:
ಹಾಡು ಬರೆದವರು, ಎ. ಪ್ರುಡೋಮ್
ಮತ್ತು ಐ. ಡಾಲ್ಟ್ರಿ.
ಇನೆಜ್ ಡಾಲ್ಟ್ರಿ, ನಮ್ಮ ಧಣಿಯ ತಾಯಿ.
ಗಾಲ್ವಸ್ಟನ್ನಿನಲ್ಲಿ ನಾಯಿ ಸಾಕಿಕೊಂಡಿದ್ದಳು,
ಎರಡೂ ಕಿವಿ ಕೇಳಿಸದು.
ನನ್ನ ಬೆರಳಿನಿಂದಲೇ ನಲವತ್ತೊಂದು ಹಾಡು ಬರೆದಳು.

ಸಾಲು ಮುಗಿಯಿತು, ಟೈಪ್‌ರೈಟರಿನ ಗಂಟೆ ಬಡಿಯಿತು.
ವರ್ಲೀನ್ ಉಸಿರೆಳೆದುಕೊಂಡ ಸಂದಿಗೆ
ಸರಿಯಾಗಿ ಹೋಗಿ ಬಿತ್ತು ಆ ಟಿಣ್.
"ಇನ್ನೊಂದು ಸಲ" ಎಂದ ಧಣಿ.
ಅಲ್ಸೀಡ್ ಕೈಯೆತ್ತಿದ.
"ಶ್ರುತಿಗಿಂತ ಕೂದಲೆಳೆ ಮೇಲಿದೆ.
ಇರಲಿ."

ಹಾಡು ಪಟ್ಟಿಯಲ್ಲಿ ಒಂಬತ್ತಕ್ಕೆ ಏರಿತು.
ಧಣಿ ದೋಣಿ ಕೊಂಡ.
ಇವನಿಗೆ ಐವತ್ತು ಡಾಲರ್, ಒಂದು ಪಿಸ್ತಾ ಬಣ್ಣದ ಸೂಟು,
ತೋಳು ಎರಡು ಬೆರಳು ಗಿಡ್ಡ.
ಆಮೇಲೆ ಲಾಸ್ ಏಂಜಲೀಸ್, ಆಮೇಲೆ ವಾಪಸ್ಸು,
ಹಾಸಿಗೆ ಅಂಗಡಿಗೊಂದು ಜಾಹೀರಾತಿನ ಪದ,
ಚರ್ಚಿನಲ್ಲಿ ಸಾವಿನ ಮನೆಯವರಿಗೆ ಪಿಯಾನೋ.
ಲಕ್ವ ಬಡಿದು ಎಡಗೈ ಹೋದಾಗ
ಬಲಗೈಗೆ ಎಡಗೈಯ ಕೆಲಸ ಕಲಿಸಿದ. ಬಲಗೈಯ ಕೆಲಸ
ಬಾಯಲ್ಲಿ ಸಿಳ್ಳೆ ಹಾಕುತ್ತಿದ್ದ.

ನಲವತ್ತಮೂರು ವರ್ಷದ ಮೇಲೆ, ಲೀಡ್ಸ್ ಎಂಬ ಊರಲ್ಲಿ,
ಹುಟ್ಟು ಮೀಸೆಯ ಹುಡುಗನೊಬ್ಬ ನಾಲ್ಕೇ ಸೆಕೆಂಡು ಕತ್ತರಿಸಿಕೊಂಡ:
ಉಸಿರು, ಡ್ರಮ್ಮು, ಟಿಣ್.
ಅದನ್ನೇ ಸುತ್ತಿ ಸುತ್ತಿ ಊರೂರು ಕುಣಿಸಿದ.
ವರ್ಲೀನ್ ಅಷ್ಟರಲ್ಲಿ ಮಣ್ಣಲ್ಲಿ, ಹೊಜಿಯಾನೂ.
ವಕೀಲರು ಬಂದರು, ಈ ಸಲ ನಮ್ಮ ಕಡೆಗೆ.

ಅಲ್ಸೀಡ್ ಎರಡು ಬಸ್ಸು ಬದಲಿಸಿ ನನ್ನ ಮನೆಗೆ ಬಂದ.
ಚೆಕ್ಕು ಮೇಜಿನ ಮೇಲಿಟ್ಟ. "ನಿನ್ನ ಗಂಟೆಗೆ" ಎಂದ.
ಮೂರು ಪಾಲು ಮಾಡಿದ್ದನಂತೆ,
ಒಂದು ಹೊಜಿಯಾನ ಮಗಳಿಗೆ, ಒಂದು ವರ್ಲೀನಳ ತಂಗಿಗೆ.
ನಿನಗೆ? ಅಂದೆ.
ನೀರು ಕೊಡು ಅಂದ.

ಆವತ್ತು ನಾನು ಏನು ಟೈಪ್ ಮಾಡ್ತಿದ್ದೆ ಗೊತ್ತಾ, ಎಂದು
ಕೇಳಲೋ ಬೇಡವೋ ಅಂದುಕೊಂಡೇ ಕೇಳಿಬಿಟ್ಟೆ.

ಲೋಟ ಕೆಳಗಿಟ್ಟ.
"ನಿನ್ನ ಮಿಷನ್ನಿನಲ್ಲಿ ಎಂ ಅಕ್ಷರ ತಡವಾಗಿ ಬೀಳುತ್ತಿತ್ತು.
ನನ್ನ ಹೆಸರಲ್ಲಿ ಎರಡು ಎಂ, ಜೊತೆಜೊತೆಗೇ.
ಗೋಡೆಯಾಚೆ ಎರಡೂ ಕೇಳಿದವು.
ಅದಾದ ಮೇಲೂ ನೀನು ನಿಲ್ಲಿಸಲಿಲ್ಲ."
ಅಷ್ಟೇ. ಬಸ್ಸಿನ ಹೊತ್ತಾಯಿತೆಂದು ಎದ್ದ.

ಚೆಕ್ಕು ಬ್ಯಾಂಕಿಗೆ ಹಾಕಿದೆ, ಸುಳ್ಳು ಯಾಕೆ ಹೇಳಲಿ.
ಹಲ್ಲು ಕಟ್ಟಿಸಿಕೊಂಡೆ.

ಮೊನ್ನೆ ಗುರುವಾರ ಅವನನ್ನು ಮಣ್ಣು ಮಾಡಿದರು.
ಚರ್ಚಿನ ಬಾಗಿಲಲ್ಲಿ ಹಂಚುವ ಹಾಳೆ,
ಅದರಲ್ಲಿ ಅವನ ಹೆಸರಿಗೆ ಒಂದೇ ಎಂ.
ಕಟ್ಟು ಪೂರ್ತಿ ಇಸಿದುಕೊಂಡು ಕೊನೆಯ ಬೆಂಚಲ್ಲಿ ಕೂತೆ,
ಪೆನ್ನು ತೆಗೆದೆ.
ಪ್ರಾರ್ಥನೆ ಮುಗಿಯುವಷ್ಟರಲ್ಲಿ ಅರವತ್ತೆಂಟಾಗಿದ್ದವು.