ಎಲೆ ಕೇಳಿದ್ದು

ವಾಳಪೈ ದಾಟಿ, ಟಾರು ಮುಗಿದು, ಗೇರುತೋಟವೂ ಮುಗಿದ ಮೇಲೆ
ಪುತುಬಾಬ ಗಾಂವಕರ್ ಚಪ್ಪಲಿ ಬಿಟ್ಟರು.
ನಾನೂ ಬೂಟು ಬಿಚ್ಚಿದೆ.
ಜಿಗಣೆಗೆಂದು ಸಾಕ್ಸಿಗೆ ತಿಕ್ಕಿದ್ದ ತಂಬಾಕಿನ ಪುಡಿ
ಸುಮ್ಮನೆ ದಂಡ.

ಒಳಗೆ ನೆಲವಿಲ್ಲ, ನೀರೇ ನೆಲ.
ಹರಿಯಲು ಮನಸ್ಸಿಲ್ಲದ, ನಿಲ್ಲಲೂ ಒಪ್ಪದ ಕಪ್ಪು ನೀರು;
ಅದರೊಳಗಿಂದ ಎದ್ದ ಬೇರುಗಳು
ಪಂಚಾಯ್ತಿಗೆ ಕೂತವರ ಮಂಡಿಗಳ ಹಾಗೆ.

ಹತ್ತು ಮೀಟರಿಗೆ ಹತ್ತು ಮೀಟರು ನೈಲಾನ್ ಹಗ್ಗ ಎಳೆದು
ಚೌಕದೊಳಗೆ ಸಿಕ್ಕಿದ್ದನ್ನೆಲ್ಲ ಬರೆದುಕೊಂಡೆ:
ರಾಮಪತ್ರೆ ಹನ್ನೊಂದು, ಎದೆಮಟ್ಟದ ಸುತ್ತಳತೆ ಸಹಿತ.
ಬೆತ್ತ. ಮುಂಡಿಗೆ. ಹೆಸರು ಮರೆತ ಒಂದು ಜರೀಗಿಡ.
ಸಸಿ ಒಂಬತ್ತು. ಎಂಟು ಎಂದು ಮೊದಲು ಬರೆದಿದ್ದೆ,
ಒಂಬತ್ತನೆಯದರ ಮೇಲೆ ನನ್ನ ಚೀಲವಿತ್ತು.

ಹನ್ನೆರಡನೆಯ ಮರ ಮಾತ್ರ ಹೆಸರು ಹೇಳಲಿಲ್ಲ.
ಎಲೆಯ ಬೆನ್ನು ಬೂದಿ, ಕಾಯಿಲ್ಲ, ಹೂವಿನ ಕಾಲವಲ್ಲ.
ತೊಗಟೆ ಗೀರಿದರೆ ರಸ ಕೆಂಪೋ ಅಲ್ಲವೋ ತಿಳಿಯುತ್ತಿತ್ತು.
ಚಾಕು ತೆಗೆದೆ.
ಪುತುಬಾಬ ಕೆಮ್ಮಿದರು.

ಈ ದೇವರಾಯಿಯಿಂದ ಕಡ್ಡಿ ಕೂಡ ಹೊರಗೆ ಹೋಗಿಲ್ಲ, ಅಂದರು.
ಅವರಪ್ಪ ಸತ್ತಾಗ ಸೌದೆ ಎರಡು ಮೈಲಿ ಆಚೆಯಿಂದ ಹೊತ್ತು ತಂದರಂತೆ,
ಇಲ್ಲಿ ಬಿದ್ದ ಮರ ಬಿದ್ದಲ್ಲೇ ಅಣಬೆಯಾಯಿತಂತೆ.
ಒಂದೇ ಎಲೆ, ಅಂದೆ. ಒಣಗಿಸಿ, ಒತ್ತಿ, ಕಾಗದಕ್ಕೆ ಹೊಲಿದು
ಪುಣೆಯ ಕಪಾಟಿನಲ್ಲಿ ನೂರು ವರ್ಷ ಇಡುತ್ತಾರೆ.
ನೂರು ವರ್ಷವೇ, ಎಂದು ಅವರು
ಮರದ ಕಡೆ ನೋಡಿದರು.

ಕೊನೆಗೆ ದೇವರನ್ನೇ ಕೇಳೋಣ ಎಂದಾಯಿತು.
ದೇವರೆಂದರೆ ಒಂದು ಕಲ್ಲು, ಪಾಚಿ ಹಿಡಿದದ್ದು, ಮುಖವಿಲ್ಲದ್ದು.
ಎಸಳು ಒದ್ದೆ ಮಾಡಿ ಅಂಟಿಸಿದರು, ಬಲಕ್ಕೊಂದು, ಎಡಕ್ಕೊಂದು.
ಕೊಂಕಣಿಯಲ್ಲಿ ನನ್ನ ಹೆಸರು, ಖಾನಾಪುರದ ಕಡೆಯವಳೆಂಬುದು,
ನನ್ನ ಕಚೇರಿ, ನನ್ನ ಚಾಕು, ಎಲ್ಲವನ್ನೂ ಅರುಹಿದರು.
ಕೂತೆವು.
ಒಂದು ನೊಣ ಎಡದ ಎಸಳಿನ ಮೇಲೆ ಕೂತು, ಎದ್ದುಹೋಯಿತು.
ಅದೇ ಬಿತ್ತು.
ನೊಣ ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ಕೇಳಲಿಲ್ಲ.

ಆ ಹಾಳೆಯಲ್ಲಿ ಎಲೆ ಇರಬೇಕಾದ ಕಡೆ ಪೆನ್ಸಿಲ್ಲಿನ ಎಲೆಯಿದೆ.
ಚಿತ್ರ ನನಗೆ ಬರುವುದಿಲ್ಲ; ನರಗಳನ್ನಾದರೂ ಸರಿಯಾಗಿ ಎಣಿಸಿದೆ,
ಹದಿನಾರು ಜೊತೆ.
ಹೆಸರಿನ ಜಾಗದಲ್ಲಿ: ಕೇಳಲಾಯಿತು, ಕೊಡಲಿಲ್ಲ.
ಸಾಹೇಬರು ಅದರ ಪಕ್ಕ ಕೆಂಪು ಶಾಯಿಯ ಪ್ರಶ್ನೆಚಿಹ್ನೆ ಹಾಕಿ
ವಾಪಸು ಕಳಿಸಿದ್ದಾರೆ.

ಅವರಿಗೆ ಇದೊಂದು ತಿಳಿಸಿಲ್ಲ:
ಆ ರಾತ್ರಿ ಖೋಲಿಯಲ್ಲಿ ಪ್ಯಾಂಟಿನ ಮಡಿಕೆ ಬಿಚ್ಚಿದಾಗ
ಉದುರಿತು ಒಂದು ಬೀಜ, ಸಾಸಿವೆಗಿಂತ ಚೂರು ದೊಡ್ಡದು,
ಯಾರ ಮಗುವೋ.
ಸಾಬೂನಿನ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ ಮಲಗಿಸಿ
ಬೆಳಗಿನ ಮೊದಲ ಕದಂಬ ಬಸ್ಸು ಹಿಡಿದೆ.
ಪುತುಬಾಬ ಮನೆಯಲ್ಲಿರಲಿಲ್ಲ.
ಎಲ್ಲಿಂದ ಬಂತೆಂದು ತಿಳಿಯದ್ದನ್ನು ಎಲ್ಲಿಡುವುದು?
ನೀರಿಗೆ ಬಿಟ್ಟೆ.
ನಮ್ಮ ಘಟ್ಟದಿಂದ ಇಳಿದುಬಂದ ಹೊಳೆಗೇ ಸೇರುವ ನೀರು,
ಆದರೆ ಅದಕ್ಕೆ ಅವಸರವಿರಲಿಲ್ಲ;
ಬೀಜವನ್ನು ಎರಡು ಸುತ್ತು ತಿರುಗಿಸಿ
ಒಂದು ಬೇರಿನ ಮಂಡಿಗೆ ತಾಗಿಸಿ ನಿಲ್ಲಿಸಿತು.

ಮುಂದಿನ ಸಲ ಚೀಲ ಹೊರಗೇ ಇಡಬೇಕು.